ಪೇಪರ್ ಇರುವ ಮರಿ, ಪೇಪರ್ ಇಲ್ಲದ ಮರಿ: ಶೋಗೆ ಹೋಗದವರಿಗೆ ನೋಂದಣಿ ಯಾಕೆ ಬೇಕು?

ಮಳೆಬಿಲ್ಲು ಕೇಳಿದ್ದು:

ನಮಸ್ಕಾರ. ಲ್ಯಾಬ್ರಡಾರ್ ಹೆಣ್ಣುಮರಿಯೊಂದನ್ನು ತರಬೇಕೆಂದಿದ್ದೇವೆ. ಎರಡು ಕಡೆ ನೋಡಿದ್ದಾಯಿತು. ಒಂದು ಕಡೆ ಅಪ್ಪ-ಅಮ್ಮ ಎರಡಕ್ಕೂ ಕೆನಲ್ ಕ್ಲಬ್ (ತಳಿನಾಯಿಗಳ ದಾಖಲೆ ಇಡುವ ಸಂಘ) ನೋಂದಣಿ ಇದೆ, ಮರಿಗಳ ಅರ್ಜಿಯೂ ಹೋಗಿದೆ, ಬೆಲೆ ಜಾಸ್ತಿ. ಇನ್ನೊಂದು ಕಡೆಯವರು "ಎರಡೂ ಪ್ಯೂರ್, ಕಣ್ಣೆದುರಿಗೇ ಇವೆ ನೋಡ್ಕೊಳ್ಳಿ, ಪೇಪರ್ ಬೇಕಾಗೋದು ಶೋಗೆ ಹೋಗೋರಿಗೆ" ಅನ್ನುತ್ತಾರೆ. ಮರಿಗಳು ಎರಡೂ ಕಡೆ ಚುರುಕಾಗಿವೆ. ನಮಗೆ ಶೋ ಆಸೆಯಿಲ್ಲ, ಆದರೆ ಮುಂದೆ ಒಂದು ಸೂಲು ಮರಿ ಹಾಕಿಸುವ ಮನಸ್ಸಿದೆ. ಪೇಪರ್‌ಗೆಂದು ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥ ಇದೆಯೇ? ಈಗ ಬಿಟ್ಟು ಆಮೇಲೆ ಮಾಡಿಸಿಕೊಳ್ಳಬಹುದೇ? ಇದೆ ಅನ್ನುವವರ ಹತ್ತಿರ ಏನೇನು ನೋಡಬೇಕು?

ತಳಿಲೆಕ್ಕ ಉತ್ತರ:

ಮೊದಲೇ ಒಂದು ಮಾತು. ನೋಂದಣಿ ಪತ್ರ ಒಳ್ಳೆಯ ನಾಯಿ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ. ಈ ಮರಿ ಇಂಥ ದಿನ, ಇಂಥ ಗಂಡಿಗೆ, ಇಂಥ ಹೆಣ್ಣಿಗೆ ಹುಟ್ಟಿತು ಎಂಬ ದಾಖಲೆ ಅದು, ಅಷ್ಟೇ. ಆದರೆ ಆ "ಅಷ್ಟೇ" ಇಲ್ಲದೆ ಆರೋಗ್ಯದ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಕಣ್ಣಿಗೆ ಪ್ಯೂರ್ ಕಾಣುವುದರಿಂದ ಏನೂ ಗೊತ್ತಾಗದು ಏಕೆಂದು ಲ್ಯಾಬ್ರಡಾರ್‌ನಲ್ಲೇ ನೋಡಿ. ಈ ತಳಿಯಲ್ಲಿ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆ ಇದೆ. ಅಕ್ಷಿಪಟಲ ನಿಧಾನಕ್ಕೆ ಸವೆಯುತ್ತದೆ, ಮೊದಲು ನಾಯಿ ಕತ್ತಲಲ್ಲಿ ತಡವರಿಸುತ್ತದೆ, ಕೊನೆಗೆ ಪೂರ್ತಿ ಕುರುಡು. ಮರಿಯಾಗಿದ್ದಾಗ ಸುಳಿವೇ ಸಿಗದು. ದೋಷದ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ ಬಂದರೆ ಮಾತ್ರ ಕಾಯಿಲೆ. ಒಂದೇ ಪ್ರತಿ ಇರುವ ನಾಯಿ ಜೀವನಪೂರ್ತಿ ಚೆನ್ನಾಗಿಯೇ ಇರುತ್ತದೆ. ಅದನ್ನೇ ವಾಹಕ ಅನ್ನುವುದು. ಎರಡು ವಾಹಕಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ 25%, ವಾಹಕವಾಗುವ ಸಾಧ್ಯತೆ 50%, ದೋಷವೇ ಇಲ್ಲದಿರುವ ಸಾಧ್ಯತೆ 25%. ಹಾಗೆಂದು ವಾಹಕವನ್ನು ತಳಿಯಿಂದಲೇ ತೆಗೆದುಹಾಕಬೇಕಾಗಿಲ್ಲ. ದೋಷವಿಲ್ಲದ ನಾಯಿಯ ಜೊತೆ ಕೂಡಿಸಿದರೆ ಯಾವ ಮರಿಗೂ ಕಾಯಿಲೆ ಬರದು. ಆದರೆ ಯಾವುದು ವಾಹಕ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಬೇಕು, ಆ ಫಲಿತಾಂಶ ನಾಯಿಯ ನೋಂದಣಿ ಸಂಖ್ಯೆಗೂ ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್‌ಗೂ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಯಾವುದೋ ನಾಯಿಯ ರಿಪೋರ್ಟ್ ತೋರಿಸಿ ಇನ್ಯಾವುದೋ ನಾಯಿಯ ಮರಿ ಕೊಡಬಹುದು, ಹಿಡಿಯಲು ದಾರಿಯಿಲ್ಲ. ಜೋರಾಗಿ ಓಡಿದ 5ರಿಂದ 20 ನಿಮಿಷಕ್ಕೆ ಹಿಂಗಾಲು ಸೋತು ಕುಸಿಯುವ ಇಐಸಿ ಎಂಬ ತೊಂದರೆಯೂ ಲ್ಯಾಬ್‌ಗಳಲ್ಲಿ ಇದೇ ಲೆಕ್ಕದಲ್ಲಿ ಬರುತ್ತದೆ.

ಸೊಂಟದ ಕೀಲು ಸರಿಯಾಗಿ ಕೂರದಿರುವ ತೊಂದರೆಯದು (ಹಿಪ್ ಡಿಸ್‌ಪ್ಲೇಸಿಯಾ) ಬೇರೆ ವಿಷಯ. ಅಲ್ಲಿ ಒಂದೇ ಜೀನ್ ಇಲ್ಲ. ಹಲವು ಜೀನ್‌ಗಳ ಜೊತೆ ಮರಿಯ ತೂಕ, ಬೆಳವಣಿಗೆಯ ವೇಗ ಎಲ್ಲವೂ ಸೇರುತ್ತವೆ. ಎಕ್ಸ್‌ರೇ ತೆಗೆದು ಗ್ರೇಡ್ ಕೊಡುತ್ತಾರೆ. ಎಫ್‌ಸಿಐ (ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಪದ್ಧತಿಯಲ್ಲಿ ಎ ಎಂದರೆ ಚೆನ್ನಾಗಿದೆ, ಇ ಎಂದರೆ ತೀರಾ ಕೆಟ್ಟಿದೆ. ಅಮೆರಿಕದ ಒಎಫ್‌ಎ ಎಂಬ ಗ್ರೇಡ್ ಕೊಡುವ ಸಂಸ್ಥೆ 24 ತಿಂಗಳು ತುಂಬುವವರೆಗೆ ಅಂತಿಮ ಗ್ರೇಡ್ ಕೊಡುವುದಿಲ್ಲ. ಹಾಗಾಗಿ ಒಂದು ವರ್ಷವೂ ತುಂಬದ ನಾಯಿಗೆ "ಹಿಪ್ ಕ್ಲಿಯರ್" (ಸೊಂಟದ ಕೀಲು ಚೆನ್ನಾಗಿದೆ) ಅಂದರೆ ಯಾವ ಪದ್ಧತಿ, ಯಾವ ತಾರೀಖು ಎಂದು ಕೇಳಿ. ಇಲ್ಲಿ ಅಪ್ಪ-ಅಮ್ಮನ ಗ್ರೇಡ್ ಮಾತ್ರ ಸಾಲದು, ಅವುಗಳ ಒಡಹುಟ್ಟಿದವುಗಳ ಗ್ರೇಡ್ ಕೂಡ ಬೇಕು. ಅದನ್ನು ಹುಡುಕಲು ಸಾಧ್ಯವಾಗುವುದು ಒಂದೇ ಸೂಲಿನ ಮರಿಗಳೆಲ್ಲ ನೋಂದಾಯಿತವಾಗಿದ್ದಾಗ ಮಾತ್ರ.

ಮೂರುತಲೆಮಾರು ಉತ್ತರ:

ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಮುಖ ಸೇರಿಸುತ್ತೇನೆ, ರಕ್ತಸಂಬಂಧದ್ದು. ನೀವು ಮರಿ ಹಾಕಿಸುವವರಾದ್ದರಿಂದ ನಿಮಗೆ ಇದೇ ಮುಖ್ಯ.

ಮೂರು ತಲೆಮಾರಿನ ವಂಶಾವಳಿಯಲ್ಲಿ 14 ಹೆಸರಿರುತ್ತವೆ: 2 ತಂದೆತಾಯಿ, 4 ಅಜ್ಜ-ಅಜ್ಜಿ, 8 ಮುತ್ತಜ್ಜ-ಮುತ್ತಜ್ಜಿ. ಗಂಡಿನದನ್ನೂ ಹೆಣ್ಣಿನದನ್ನೂ ಪಕ್ಕಪಕ್ಕ ಇಟ್ಟು ಎರಡರಲ್ಲೂ ಬರುವ ಹೆಸರಿಗೆ ಗುರುತು ಹಾಕಿ. ಆ ಹೆಸರಿನಿಂದ ಗಂಡಿಗೆ ಎಷ್ಟು ಮೆಟ್ಟಿಲು, ಹೆಣ್ಣಿಗೆ ಎಷ್ಟು ಮೆಟ್ಟಿಲು ಎಣಿಸಿ, ಕೂಡಿಸಿ, ಒಂದು ಸೇರಿಸಿ. ಬಂದಷ್ಟು ಅರ್ಧಗಳನ್ನು ಒಂದಕ್ಕೊಂದು ಗುಣಿಸಿ. ಗಂಡಿನ ಅಪ್ಪನೂ ಹೆಣ್ಣಿನ ಅಪ್ಪನೂ ಒಂದೇ ನಾಯಿ ಅನ್ನಿ. ಆ ಕಡೆ 1, ಈ ಕಡೆ 1, ಮೇಲೆ 1, ಒಟ್ಟು 3. ಮೂರು ಅರ್ಧಗಳನ್ನು ಗುಣಿಸಿದರೆ (½ × ½ × ½) 12.5%. ಒಡಹುಟ್ಟಿದವನ್ನೇ ಕೂಡಿಸಿದರೆ ಅಪ್ಪ, ಅಮ್ಮ ಇಬ್ಬರೂ ಎರಡೂ ಕಡೆ ಬರುವುದರಿಂದ ಎರಡು ಸಲದ್ದು ಕೂಡಿ 25%. ಅಪ್ಪ-ಮಗಳು ಕೂಡಿದರೂ 25%. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಂಥ ಸಂಬಂಧವಾದರೆ 6.25%. ಮರಿಯ ಒಂದು ಜೀನ್ ಜೋಡಿಯ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಇದು. ಹೆಚ್ಚಾದಷ್ಟೂ ಅಡಗಿದ ದೋಷ ಹೊರಬೀಳುತ್ತದೆ, ಒಂದು ಸೂಲಿಗೆ ಹುಟ್ಟುವ ಮರಿ ಕಡಿಮೆಯಾಗುತ್ತವೆ, ಬದುಕುವವೂ ಕಡಿಮೆ. ಮೂರೇ ತಲೆಮಾರಿನ ಕಾಗದದಲ್ಲಿ ಸೊನ್ನೆ ಬಂದರೂ ಐದಾರು ತಲೆಮಾರು ಹಿಂದೆ ಹೋದರೆ ಏರಬಹುದು. ಸಾಧ್ಯವಾದಷ್ಟು ಉದ್ದದ ವಂಶಾವಳಿ ಕೇಳಿ ಪಡೆಯಿರಿ.

ಪೇಪರ್ ಇಲ್ಲದ ಕಡೆ ಈ ಲೆಕ್ಕ ಶುರುವಾಗುವುದೇ ಇಲ್ಲ. ನೀವು ಹುಡುಕಿ ತರುವ ಗಂಡು ನಿಮ್ಮ ಹೆಣ್ಣಿನ ಅಪ್ಪನಿಗೇ ಹುಟ್ಟಿದ ಅಣ್ಣನೂ ಆಗಿರಬಹುದು, ಇಬ್ಬರು ಮಾಲೀಕರಿಗೂ ಗೊತ್ತಿರುವುದಿಲ್ಲ.

ಹಾಗೆಂದು ನೋಂದಣಿ ಪುಸ್ತಕವೇ ಕೊನೆಯ ಮಾತು ಎಂದೂ ನಾನು ಹೇಳಲಾರೆ. 1873ರಲ್ಲಿ ಶುರುವಾದ ಬ್ರಿಟನ್ನಿನ ಕೆನಲ್ ಕ್ಲಬ್ ಅಪ್ಪ-ಮಗಳು, ಅಮ್ಮ-ಮಗ, ಅಣ್ಣ-ತಂಗಿ ಕೂಡಿಕೆಯ ಮರಿಗಳನ್ನು ಸಾಮಾನ್ಯವಾಗಿ ನೋಂದಾಯಿಸುವುದಿಲ್ಲ ಎಂದು ನಿಯಮ ತಂದದ್ದು 2009ರಲ್ಲಿ. ಡಾಲ್ಮೇಷಿಯನ್ ಇನ್ನೂ ದೊಡ್ಡ ಪಾಠ. ಆ ತಳಿಯಲ್ಲಿ ಯೂರಿಕ್ ಆಮ್ಲದ ದೋಷ ಎಲ್ಲ ನಾಯಿಗಳಿಗೂ ಹರಡಿ, ಮೂತ್ರದಲ್ಲಿ ಕಲ್ಲು ಕಟ್ಟುವುದು ಮಾಮೂಲಾಗಿತ್ತು. ತಳಿಯೊಳಗೆ ಸರಿಯಾದ ಜೀನ್ ಉಳಿದಿರಲಿಲ್ಲ, ಹೊರಗಿನಿಂದಲೇ ತರಬೇಕಿತ್ತು. 1973ರಲ್ಲಿ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಡಾಲ್ಮೇಷಿಯನ್ ಒಂದನ್ನು ಪಾಯಿಂಟರ್ ಎಂಬ ಬೇರೆ ತಳಿಯ ನಾಯಿಯ ಜೊತೆ ಕೂಡಿಸಿದರು, ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಡಾಲ್ಮೇಷಿಯನ್‌ಗೇ ಕೂಡಿಸುತ್ತ ಬಂದರು. ಆ ಸಾಲಿನ ನಾಯಿಗಳಿಗೆ ಅಮೆರಿಕನ್ ಕೆನಲ್ ಕ್ಲಬ್ ಬಾಗಿಲು ತೆರೆದದ್ದು 2011ರಲ್ಲಿ. ಅಷ್ಟು ತಡವಾದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಪ್ರತಿ ತಲೆಮಾರಿನ ದಾಖಲೆ ಇಟ್ಟಿದ್ದರಿಂದಲೇ ಆ ನಾಯಿಗಳ ಮೂಲವನ್ನು ತೋರಿಸಲು ಸಾಧ್ಯವಾಯಿತು.

ರಿಂಗ್‌ಬದಿ ಉತ್ತರ:

ಕೆಲಸದ ಕ್ರಮ ನಾನು ಹೇಳುತ್ತೇನೆ. ಕ್ಲಬ್‌ನಿಂದ ಕ್ಲಬ್‌ಗೆ ಗಡುವು, ಫಾರಂ ಬೇರೆ ಬೇರೆ, ನಿಮ್ಮದರ ನಿಯಮ ಓದಿಕೊಳ್ಳಿ. ಕೆಡುವ ಜಾಗಗಳು ಮಾತ್ರ ಎಲ್ಲ ಕಡೆಯೂ ಒಂದೇ.

ಅತಿ ಹೆಚ್ಚು ಕೆಡುವುದು ಮಾಲೀಕತ್ವದಲ್ಲಿ. ಮರಿ ತಂದಿರುತ್ತಾರೆ, ಪೇಪರೂ ಕೈಯಲ್ಲಿರುತ್ತದೆ, ಆದರೆ ವರ್ಗಾವಣೆ ಫಾರಂ ಕಳಿಸಿರುವುದಿಲ್ಲ. ಕ್ಲಬ್‌ನ ಪುಸ್ತಕದಲ್ಲಿ ನಾಯಿ ಇನ್ನೂ ಹಳೆಯ ಬ್ರೀಡರ್ ಹೆಸರಿನಲ್ಲೇ ಇರುತ್ತದೆ. ಎರಡು ವರ್ಷದ ಮೇಲೆ ಮರಿ ಹಾಕಿಸಿದಾಗ ಅರ್ಜಿ ವಾಪಸ್ ಬರುತ್ತದೆ, ಅಷ್ಟರಲ್ಲಿ ಬ್ರೀಡರ್ ಫೋನ್ ನಂಬರೇ ಬದಲಾಗಿರುತ್ತದೆ. ಮರಿ ಮನೆಗೆ ಬಂದ ವಾರವೇ ಸಹಿ ಹಾಕಿಸಿ ಕಳಿಸಿಬಿಡಿ.

ಆಮೇಲೆ ಪೇಪರ್‌ನಲ್ಲಿ ನಿರ್ಬಂಧ ಇದೆಯೇ ನೋಡಿ. "ಇದರ ಮರಿಗಳಿಗೆ ನೋಂದಣಿ ಇಲ್ಲ" ಎಂಬ ಷರತ್ತು ಹಾಕಿ ಕೊಡುವ ಬ್ರೀಡರ್‌ಗಳಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಆರೋಗ್ಯ ಪರೀಕ್ಷೆ ಮುಗಿದ ಮೇಲೆ ತೆಗೆಯುವವರೂ ಉಂಟು. ಆದರೆ ನಿಮಗೆ ಮರಿ ಹಾಕಿಸುವ ಇರಾದೆ ಇರುವುದರಿಂದ ಯಾವಾಗ, ಯಾವ ಫಲಿತಾಂಶಕ್ಕೆ ತೆಗೆಯುತ್ತೀರಿ ಎಂದು ಬರೆಸಿಕೊಳ್ಳಿ.

ಹೆಣ್ಣು ಬೆದೆಗೆ ಬಂದು ಕ್ರಾಸ್ ಮಾಡಿಸಿದ ದಿನವೇ ಗಂಡುನಾಯಿಯ ಮಾಲೀಕರ ಸಹಿ ಇರುವ ಕೂಡಿಕೆ ಪತ್ರ ತೆಗೆದುಕೊಳ್ಳಿ. ತಾರೀಖು, ಎರಡೂ ನಾಯಿಯ ನೋಂದಣಿ ಸಂಖ್ಯೆ, ಚಿಪ್ ಸಂಖ್ಯೆ ಅದರಲ್ಲಿರಲಿ. ಹಣಕ್ಕೋ ಮರಿಗೋ ಜಗಳ ಆದರೆ ಆಮೇಲೆ ಸಹಿ ಸಿಗುವುದಿಲ್ಲ. ಅಂಡ ಬಿಡುಗಡೆಯಾದ ಸುಮಾರು 63 ದಿನಕ್ಕೆ ಈಯುತ್ತದೆ. ಕ್ರಾಸ್ ಆದ ದಿನದಿಂದ ಎಣಿಸಿದರೆ 58ರಿಂದ 68 ದಿನ ಸಾಮಾನ್ಯ. ವೀರ್ಯ ಹೆಣ್ಣಿನ ಒಡಲಲ್ಲಿ ಹಲವು ದಿನ ಬದುಕುವುದರಿಂದ ಈ ವ್ಯತ್ಯಾಸ. ಪತ್ರದ ತಾರೀಖಿಗೂ ಹುಟ್ಟಿದ ತಾರೀಖಿಗೂ 50 ದಿನದ ಅಂತರವಿದ್ದು ಮರಿಗಳು ಪೂರ್ತಿ ಬೆಳೆದು ಹುಟ್ಟಿದ್ದರೆ ಕ್ಲಬ್‌ನವರು ಕೇಳಿಯೇ ಕೇಳುತ್ತಾರೆ.

ಅದೇ ಬೆದೆಯಲ್ಲಿ ಇನ್ನೊಂದು ಗಂಡು ಮುಟ್ಟಲು ಬಿಡಬೇಡಿ. ಒಂದೇ ಸೂಲಿನಲ್ಲಿ ಎರಡು ಗಂಡಿನ ಮರಿಗಳು ಹುಟ್ಟುವುದು ನಾಯಿಗಳಲ್ಲಿ ಸಾಧ್ಯ. ಆಗ ಪ್ರತಿ ಮರಿಗೂ ಡಿಎನ್‌ಎ ಮಾಡಿಸದೆ ಅಪ್ಪ ಯಾರೆಂದು ಬರೆಯಲಾಗದು. ಹುಟ್ಟಿದ ಕೂಡಲೇ ಗಂಡೆಷ್ಟು, ಹೆಣ್ಣೆಷ್ಟು, ಬಣ್ಣ ಬರೆದು ಕ್ಲಬ್‌ಗೆ ತಿಳಿಸಿ. ಮರಿಗಳಿಗೆ ಚಿಪ್ ಆದ ಮೇಲೆಯೇ ಮನೆಯಿಂದ ಕಳಿಸಿ, ಅದೂ 8 ವಾರ ತುಂಬಿದ ಮೇಲೆ.

ಮಳೆಬಿಲ್ಲು:

ತುಂಬಾ ಧನ್ಯವಾದ. ಎರಡನೇ ಕಡೆಯವರು ಈಗ "ಬೇಕಾದ್ರೆ ಪೇಪರ್ ಆಮೇಲೆ ಮಾಡಿಸಿ ಕೊಡ್ತೀವಿ" ಅನ್ನುತ್ತಿದ್ದಾರೆ. ಒಪ್ಪಬಹುದೇ?

ತಳಿಲೆಕ್ಕ:

ಅಪ್ಪ-ಅಮ್ಮನಿಗೇ ನೋಂದಣಿ ಇಲ್ಲದಿದ್ದರೆ ಮರಿಗೆ ವಂಶಾವಳಿ ಹುಟ್ಟಿಸಲು ಬರುವುದಿಲ್ಲ. ನಾಯಿಯನ್ನು ತೀರ್ಪುಗಾರರು ನೋಡಿ ತಳಿಯ ಲಕ್ಷಣ ಇದೆ ಎಂದರೆ ಅದೊಂದನ್ನೇ ದಾಖಲಿಸುವ ಕ್ಲಬ್‌ಗಳಿವೆ, ಆದರೆ ಪೂರ್ವಜರ ಅಂಕಣ ಖಾಲಿಯೇ ಉಳಿಯುತ್ತದೆ. ಅವರು ಕೊಡುವ ಕಾಗದದಲ್ಲಿ 14 ಹೆಸರೂ ತುಂಬಿದ್ದರೆ ಅದು ಬೇರೆ ನಾಯಿಯ ಪೇಪರ್. ತಳಿ ಪರೀಕ್ಷೆಯ ಡಿಎನ್‌ಎ ಕಿಟ್ ಕೂಡ ಇದಕ್ಕೆ ಬದಲಿಯಲ್ಲ. ಇಷ್ಟು ಶೇಕಡಾ ಲ್ಯಾಬ್ರಡಾರ್ ಎಂದು ಹೇಳಬಹುದು, ಅಜ್ಜ ಯಾರೆಂದು ಹೇಳದು. ಲಸಿಕೆ ಪುಸ್ತಕ ತೋರಿಸಿ "ಇದೇ ಪೇಪರ್" ಅಂದರೂ ನಂಬಬೇಡಿ. ಸಾಕಲು ಮಾತ್ರ ಎಂದಾದರೆ ಆ ಮರಿ ತಂದು ಪ್ರೀತಿಯಿಂದ ಸಾಕಿ, ಯಾವ ಅಡ್ಡಿಯೂ ಇಲ್ಲ. ಮರಿ ಹಾಕಿಸುವುದಾದರೆ ಬೇಡ.

ರಿಂಗ್‌ಬದಿ:

ಮೊದಲನೇ ಕಡೆ ಹೋದಾಗ ಸ್ಕ್ಯಾನರ್ ಇರುವ ಪಶುವೈದ್ಯರ ಹತ್ತಿರವೇ ಭೇಟಿ ಇಟ್ಟುಕೊಳ್ಳಿ. ಮರಿಯನ್ನಷ್ಟೇ ಅಲ್ಲ, ತಾಯಿಯನ್ನೂ ಸ್ಕ್ಯಾನ್ ಮಾಡಿಸಿ, ತೆರೆಯ ಮೇಲಿನ 15 ಅಂಕಿಯನ್ನು ಪೇಪರ್‌ನ ಅಂಕಿಯ ಜೊತೆ ಒಂದೊಂದಾಗಿ ಓದಿ ಹೊಂದಿಸಿ. ಕೊನೆಯ ನಾಲ್ಕಂಕಿ ನೋಡಿ ಬಿಟ್ಟುಬಿಡಬೇಡಿ. ಒಂದೇ ಪೆಟ್ಟಿಗೆಯ ಚಿಪ್‌ಗಳ ಸಂಖ್ಯೆ ಅಕ್ಕಪಕ್ಕದಲ್ಲೇ ಇರುತ್ತದೆ, ಒಡಹುಟ್ಟಿದ ಮರಿಗಳ ಪೇಪರ್ ಅದಲುಬದಲಾಗುವುದು ಹೀಗೇ. ಚಿಪ್ ಹಾಕುವುದು ಎರಡು ಹೆಗಲ ನಡುವೆ, ಚರ್ಮದ ಕೆಳಗೆ. ವರ್ಷಗಳು ಕಳೆದಂತೆ ಅದು ಭುಜಕ್ಕೋ ಮುಂಗಾಲಿನ ಕಡೆಗೋ ಜಾರಿರಬಹುದು. ಹಾಗಾಗಿ ತಾಯಿಯಲ್ಲಿ ಮೊದಲ ಸಲ ಸದ್ದು ಬರದಿದ್ದರೆ ಚಿಪ್ ಇಲ್ಲವೇ ಇಲ್ಲ ಎಂದುಕೊಳ್ಳದೆ, ಕುತ್ತಿಗೆಯಿಂದ ಎರಡೂ ಭುಜದ ಕೆಳಗಿನವರೆಗೆ ನಿಧಾನವಾಗಿ ಇನ್ನೊಮ್ಮೆ ಆಡಿಸಲು ಹೇಳಿ.