ಸಹಾಯ ಬೇಕು: ಚರ್ಚಿನಲ್ಲಿ ಪ್ರಸಂಗದ ಹೊಣೆ ಒಪ್ಪಿಕೊಳ್ಳುವ ಮುನ್ನ

ಹಿರಿಯರಿಗೂ ಬೋಧಕರಿಗೂ ವಂದನೆಗಳು. ಸಕಲೇಶಪುರದ ಸಮೀಪ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ನನಗೆ, ನಮ್ಮ ಚಿಕ್ಕ ಕ್ರೈಸ್ತ ಸಭೆಯ ಪಾಲಕರು (ಪಾಸ್ಟರ್) ತಿಂಗಳಿಗೆರಡು ಭಾನುವಾರ ಪ್ರಸಂಗ (ಬೈಬಲ್ ಬೋಧನೆ) ಮಾಡುವಂತೆ ಹೇಳಿದ್ದಾರೆ. ಸುವಾರ್ತೆ (ಯೇಸುವಿನ ಶುಭಸಂದೇಶ) ಸಾರದಿದ್ದರೆ ತನ್ನ ಗತಿಯೇನೆಂದು ಬೈಬಲಿನ 1 ಕೊರಿಂಥ 9:16ರಲ್ಲಿ ಅಪೊಸ್ತಲ ಪೌಲನು ಹೇಳುವ ಆ ಒತ್ತಾಯ ನನ್ನೊಳಗಿದೆಯೋ, ಅಥವಾ ಮಾತು ಚೆನ್ನಾಗಿ ಬರುತ್ತದೆಂಬ ಹೆಮ್ಮೆಯಷ್ಟೇ ಇದೆಯೋ (ಹಾಗೆಂದವರು ನನ್ನ ಅತ್ತೆಯೊಬ್ಬರೇ) ತಿಳಿಯುತ್ತಿಲ್ಲ. ಬೋಧಕರಿಗೆ ಹೆಚ್ಚು ಕಠಿಣವಾದ ತೀರ್ಪುಂಟೆನ್ನುವ ಯಾಕೋಬ 3:1 ಓದಿದಾಗಲಂತೂ ಹಿಂಜರಿಕೆ ಹೆಚ್ಚುತ್ತದೆ. ಬೋಧಿಸಲು ದೇವರಿಂದ ಬಂದ ಕರೆಯನ್ನು ನೀವು ಹೇಗೆ ಪರೀಕ್ಷಿಸಿಕೊಂಡಿರಿ?

ಇನ್ನೊಂದು ತೊಡಕಿದೆ. 2 ತಿಮೊಥೆಯ 4:2ರ ಪ್ರಕಾರ ಬೋಧಕನು ಖಂಡಿಸಬೇಕು, ಗದರಿಸಬೇಕು, ಅದೂ ತಾಳ್ಮೆಯಿಂದ. ಕೊಯ್ಲಿನ ಕಾಲದಲ್ಲಿ ವಾರವೆಲ್ಲ ದುಡಿದು ದಣಿದು ಬಂದವರನ್ನು, ಅದರಲ್ಲೂ ನನ್ನ ಹಾಜರಿ ಪುಸ್ತಕದಲ್ಲೇ ಹೆಸರಿರುವವರನ್ನು, ಪ್ರಸಂಗಪೀಠದಿಂದ ಗದರಿಸುವುದು ಹೇಗೆ? ಅನುಭವಸ್ಥರು ದಯವಿಟ್ಟು ತಿಳಿಸಿಕೊಡಬೇಕಾಗಿ ಕೋರುತ್ತೇನೆ.