ಸಹಾಯ ಬೇಕು: ಎಡಿಎಚ್‌ಡಿ ಮಾತ್ರೆ ಶುರುವಾದಾಗಿಂದ ಮಗನ ಡಬ್ಬಿ ಹಾಗೇ ವಾಪಸ್

ಮಗನಿಗೆ 8 ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ. ಡಾಕ್ಟರು ಮೀಥೈಲ್‌ಫೆನಿಡೇಟ್ 10 ಮಿಲಿಗ್ರಾಂ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಶುರು ಮಾಡಿ ಇವತ್ತಿಗೆ 12 ದಿನ. ಕ್ಲಾಸಲ್ಲಿ ಕೂತು ಪೂರ್ತಿ ನೋಟ್ಸ್ ಬರೆದುಕೊಂಡು ಬರುತ್ತಿದ್ದಾನೆ, ಮೊದಲ ದಿನ ಅದನ್ನು ನೋಡಿ ನಾನು ಅತ್ತೇಬಿಟ್ಟೆ. ಆದರೆ ಮಧ್ಯಾಹ್ನ ಹಸಿವೇ ಇಲ್ಲ, ಅವನಿಗಿಷ್ಟದ ಚಿತ್ರಾನ್ನ ಹಾಕಿದರೂ ಅಷ್ಟೇ. ಸಂಜೆ ಮಾತ್ರೆಯ ಪ್ರಭಾವ ಇಳಿಯುವಾಗ ಸುಮ್ಸುಮ್ನೆ ಅಳು, ರಾತ್ರಿ ಒಂಬತ್ತಕ್ಕೆ ದೋಸೆ ಬೇಕು ಅಂತ ಹಟ. ಮಾತ್ರೆಗೆ ಮೊದಲೇ ತಿಂಡಿ ತಿನ್ನಿಸುತ್ತಿದ್ದೇನೆ, ಸಂಜೆ ಕಡಲೆಬೀಜದ ಉಂಡೆ, ರಾಗಿ ಮಾಲ್ಟ್ ಕೊಡುತ್ತಿದ್ದೇನೆ. ಆದರೂ ತೂಕ ಅರ್ಧ ಕೆಜಿ ಇಳಿದಿದೆ. ಅತ್ತೆಯಂತೂ ನಿಲ್ಲಿಸು ಅಂತಲೇ ಹೇಳುತ್ತಾರೆ. ಡಾಕ್ಟರನ್ನು ಕೇಳದೆ ನಿಲ್ಲಿಸೋಕೆ ನನಗೆ ಧೈರ್ಯವಿಲ್ಲ, ಮುಂದಿನ ಭೇಟಿಗೆ ಇನ್ನೂ 16 ದಿನ ಇದೆ.

ನಿಮ್ಮ ಮಕ್ಕಳಿಗೆ ಹಸಿವು ಎಷ್ಟು ದಿನಕ್ಕೆ ಸರಿಹೋಯಿತು? ಇಷ್ಟು ತೂಕ ಇಳಿದಾಗ ನೀವು ಡಾಕ್ಟರಿಗೆ ತಕ್ಷಣ ಫೋನ್ ಮಾಡಿದಿರಾ, ಇಲ್ಲ ಭೇಟಿವರೆಗೆ ಕಾದಿರಾ?