ಅಪ್‌ಡೇಟ್: ಸಮ್ಮೇಳನಕ್ಕೆ ಹೋಗಿ ಬಂದೆ

ಅಮೆರಿಕದಲ್ಲಿ ಕುಟುಂಬ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ನನ್ನ ವಿಷಯದವರು ಒಬ್ಬರೂ ಪರಿಚಯವಿಲ್ಲ, ಎಲ್ಲಿ ಹುಡುಕಲಿ ಅಂತ ಕೇಳಿದ್ದೆ, ನೆನಪಿದೆಯಾ? ಕುಟುಂಬಗಳ ಬಗ್ಗೆ ಸಂಶೋಧನೆ ಮಾಡುವವರ, ಕಲಿಸುವವರ ಸಂಘವಾದ ನ್ಯಾಷನಲ್ ಕೌನ್ಸಿಲ್ ಆನ್ ಫ್ಯಾಮಿಲಿ ರಿಲೇಷನ್ಸ್‌ಗೆ ವಿದ್ಯಾರ್ಥಿ ಸದಸ್ಯೆಯಾಗಿ, ಅವರ ನವೆಂಬರ್ ಸಮ್ಮೇಳನಕ್ಕೆ ಹೋಗಿ ಅಂದಿದ್ದಿರಿ. ಹಾಗೇ ಮಾಡಿದೆ.

1938ರಿಂದ ಇರುವ ಸಂಸ್ಥೆ. ನಾವು ದಿನಾ ಉಲ್ಲೇಖಿಸುವ 'ಜರ್ನಲ್ ಆಫ್ ಮ್ಯಾರೇಜ್ ಅಂಡ್ ಫ್ಯಾಮಿಲಿ' ಇವರದ್ದೇ. ಮೊದಲ ದಿನ ಸುಮ್ನೆ ಕಾಫಿ ಕಪ್ ಹಿಡಿದು ಗೋಡೆಗೊರಗಿ ನಿಂತಿದ್ದೆ. ಕಪ್ ಖಾಲಿಯಾದರೂ ಕುಡಿಯುವ ಹಾಗೆ ನಟಿಸಿದೆ!

ಎರಡನೇ ದಿನ ನನ್ನ ಸಂಶೋಧನೆಯ ಪೋಸ್ಟರ್ ಪ್ರದರ್ಶನ. ಮಗಳ ಬಾಣಂತನಕ್ಕೆ ಭಾರತದಿಂದ ಆರು ತಿಂಗಳ ಮಟ್ಟಿಗೆ ಬರುವ ಅಜ್ಜಿಯರ ಬಗ್ಗೆ. ಬಾಣಂತನಕ್ಕೆ ಸರಿಯಾದ ಇಂಗ್ಲಿಷ್ ಪದ ಸಿಗದೆ ಹಾಗೇ ದಪ್ಪಕ್ಷರದಲ್ಲಿ ಹಾಕಿದ್ದೆ. ಗೈಡ್‌ಗೆ ಇಷ್ಟವಿರಲಿಲ್ಲ. ಆದರೆ ಜನ ನಿಂತಿದ್ದೇ ಆ ಪದ ನೋಡಿ. ಹಿರಿಯ ಪ್ರಾಧ್ಯಾಪಕಿಯೊಬ್ಬರು ನಾಲ್ಕು ಸಲ 'ಬಾನನ್‌ತನ' ಅಂದು, ಆಮೇಲೆ ಕೇಳಿದರು: "ಅಜ್ಜಿ ವಾಪಸ್ ಹೋದ ಮರುವಾರ ಆ ಮನೆಯಲ್ಲಿ ಏನಾಗುತ್ತೆ?" ಮೂವತ್ತು ಸಂದರ್ಶನ ಮಾಡಿದ್ದೇನೆ, ಒಬ್ಬರನ್ನೂ ಇದನ್ನು ಕೇಳಿರಲಿಲ್ಲ. ಈಗ ಅದಕ್ಕೇ ಒಂದು ಅಧ್ಯಾಯ ಮೀಸಲು. ಅವರ ವಿದ್ಯಾರ್ಥಿನಿಯೂ ನಾನೂ ವಾರಕ್ಕೊಮ್ಮೆ ಜೂಮ್‌ನಲ್ಲಿ ಕೂತು ಬರೆಯುತ್ತಿದ್ದೇವೆ.

ನೀವು ಹೇಳಿದ್ದ, ಇದೇ ಸಂಸ್ಥೆ ಕೊಡುವ ಫ್ಯಾಮಿಲಿ ಲೈಫ್ ಎಜುಕೇಟರ್ ಪ್ರಮಾಣಪತ್ರ ಸದ್ಯಕ್ಕೆ ಬಿಟ್ಟೆ. ಅದು ದಂಪತಿಗಳಿಗೆ, ಪೋಷಕರಿಗೆ ತರಗತಿ ನಡೆಸುವವರಿಗೆ ಜಾಸ್ತಿ ಉಪಯೋಗ, ಅಲ್ವಾ? ಸಮ್ಮೇಳನದ ಜೊತೆಗೇ ನಡೆಯುವ, ಸಿದ್ಧಾಂತ ಮತ್ತು ಸಂಶೋಧನಾ ವಿಧಾನದ ಕಾರ್ಯಾಗಾರಕ್ಕೆ ಮುಂದಿನ ವರ್ಷ ಪ್ರಬಂಧ ಕಳಿಸುತ್ತೇನೆ. ಖರ್ಚು ಕೇಳಿದವರಿಗೆ: ವಿಭಾಗ ಅರ್ಧ ಕೊಟ್ಟಿತು, ಹೋಟೆಲ್ ರೂಮನ್ನು ಮೂವರು ಹಂಚಿಕೊಂಡೆವು.